ಎದುರು ಕೌಂಟರಿನ ಒಂದು ಸೀಟು

ಎದುರುಮನೆಯ ಡಾನ್ ಫೌಸ್ಟೊ ಅವರಿಗೆ, ಹದಿಮೂರು ವರ್ಷದಿಂದ ನಿಮ್ಮ ಶತ್ರುವಾಗಿರುವ ನೆಲಿ ಮಾಡುವ ನಮಸ್ಕಾರಗಳು.

ಇಪ್ಪತ್ತು ಹೆಜ್ಜೆ ದೂರದ ಎದುರು ಕೌಂಟರಿನಲ್ಲಿ ಕೂತವರಿಗೆ ಯಾರಾದರೂ ಕಾಗದ ಬರೆಯುತ್ತಾರೆಯೇ ಎಂದು ನಗಬೇಡಿ. ನಿಮ್ಮ ಎದುರಿಗೆ ಬಂದು ನಿಂತರೆ ನನ್ನ ಬಾಯಿಂದ ಕೊಂಕು ಬಿಟ್ಟು ಬೇರೇನೂ ಹೊರಡುವುದಿಲ್ಲ. ಅಭ್ಯಾಸ ಹಾಗಾಗಿದೆ. ಕೀಟೊದಿಂದ ಮಾಡ್ರಿಡ್‌ಗೆ ನಮ್ಮ ಕಂಪನಿಯದೊಂದು ವಿಮಾನ, ಮುಕ್ಕಾಲು ಗಂಟೆ ಬಿಟ್ಟು ನಿಮ್ಮ ಕಂಪನಿಯದೊಂದು. ಇರುವ ಜನ ಅಷ್ಟೇ, ಎಳೆದಾಡುವವರು ನಾವಿಬ್ಬರು. ನೀವು ಎರಡನೇ ಪೆಟ್ಟಿಗೆ ಉಚಿತ ಎಂದಿರಿ, ನಾವು ಟಿಕೆಟ್ ದರ ಇಳಿಸಿದೆವು. ನಾವು ಬೆಳಗಿನ ತಿಂಡಿಗೆ ಮುಸುಕಿನ ಜೋಳದ ಕಡುಬು ಹುಮಿತಾ ಕೊಟ್ಟೆವು, ಮರುವಾರವೇ ನೀವು ಎರಡೆರಡು ಕೊಟ್ಟಿರಿ. ನಮ್ಮ ದರ ತಿಳಿಯಲು ನಿಮ್ಮ ಸಾಂದ್ರಾಳಿಗೆ ಕಪ್ಪು ಕನ್ನಡಕ ಹಾಕಿಸಿ ಪ್ರಯಾಣಿಕಳ ಹಾಗೆ ಕಳಿಸಿದಿರಿ. ಪಾಪ, ಕುತ್ತಿಗೆಯಲ್ಲಿ ನಿಮ್ಮ ಕಂಪನಿಯ ಗುರುತಿನ ಚೀಟಿ ತೂಗಾಡುತ್ತಿತ್ತು. "ಏನಮ್ಮಾ, ಟಿಕೆಟ್ ಮಾಡ್ರಿಡ್‌ಗೆ ಕೊಡ್ಲಾ, ಎದುರುಮನೇಗೆ ಕೊಡ್ಲಾ?" ಎಂದು ಕೇಳಿದ್ದಕ್ಕೆ ಅವಳು ಓಡಿದ ಓಟ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಈಗ ಆ ಶುಕ್ರವಾರದ ವಿಷಯಕ್ಕೆ ಬರುತ್ತೇನೆ. ಮಾಡ್ರಿಡ್‌ನಲ್ಲಿರುವ ನನ್ನ ತಮ್ಮ ವಿಲ್ಮರನ ಮಗುವಿಗೆ ಭಾನುವಾರ ದೀಕ್ಷಾಸ್ನಾನ, ಧರ್ಮತಾಯಿಯಾಗಿ ಮಗುವನ್ನು ಎತ್ತಿಕೊಳ್ಳಬೇಕಾದವಳು ನಮ್ಮಮ್ಮ ತಾರ್ಹೇಲಿಯಾ. ಅವಳಿಗೆ ನನ್ನ ಪಾಲಿನ ಸಿಬ್ಬಂದಿ ಪಾಸು ಕೊಟ್ಟು, ಹೆತ್ತ ಋಣ ತೀರಿಸಿದೆ ಎಂದು ಬೀಗುತ್ತಿದ್ದೆ. ಪಾಸಿನ ಶರತ್ತು ನಿಮಗೇನು ಹೊಸದೇ, ದುಡ್ಡು ಕೊಟ್ಟವರೆಲ್ಲ ಕೂತ ಮೇಲೆ ಸೀಟು ಉಳಿದರೆ ಮಾತ್ರ. ಆದರೆ ಆ ವಾರ ನಿಮ್ಮನ್ನು ಬಗ್ಗುಬಡಿಯಬೇಕೆಂದು ಮೇಲಿನವರ ಹತ್ತಿರ ಜಗಳವಾಡಿ ದರ ಇಳಿಸಿದ್ದವಳು ನಾನೇ. ವಿಮಾನ ತುಂಬಿ ತುಳುಕಿತು. ನಾನು ತೋಡಿದ ಹಳ್ಳಕ್ಕೆ ನಮ್ಮಮ್ಮನೇ ಬಿದ್ದಳು.

ಅವಳನ್ನು ಹರಸಿ ಕಳಿಸಲು ನಮ್ಮೂರು ಲಾತಾಕುಂಗಾದಿಂದ ಹನ್ನೊಂದು ಜನ ಪಿಕಪ್‌ನಲ್ಲಿ ಬಂದಿದ್ದರು. ಅಪ್ಪಿ, ಅತ್ತು, ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿ ಎಲ್ಲ ಮುಗಿದಿತ್ತು. ಅಷ್ಟರಲ್ಲಿ ಸೀಟಿಲ್ಲ ಎಂದು ಗೊತ್ತಾಯಿತು. ಅಮ್ಮ ನಮ್ಮೂರಿನ ಅಯ್ಯೂಯಾ ಬಿಸ್ಕತ್ತಿನ ಪೆಟ್ಟಿಗೆಯ ಮೇಲೆ ಕೂತು ಇಡೀ ನಿಲ್ದಾಣಕ್ಕೆ ಕೇಳುವ ಹಾಗೆ ಅಂದಳು: "ಹದಿಮೂರು ವರ್ಷ ದುಡಿದಿದೀಯಲ್ಲೇ, ಹೆತ್ತವಳು ಕೂರೋಕೆ ಒಂದು ಮಣೆ ಹಾಕೋ ಯೋಗ್ಯತೆ ಇಲ್ವಾ ನಿನ್ ಕಂಪನೀಗೆ?"

ಆಗ ನೀವು ಬಂದಿರಿ. "ಎದುರುಮನೆಯಮ್ಮಾ, ನಮ್ಮಲ್ಲಿ ಒಂದು ಸೀಟಿದೆ. ಬೇಗ ಕರ್ಕೊಂಬನ್ನಿ, ಬಾಗ್ಲು ಹಾಕ್ತಾರೆ."

ಕಾಲಿಗೆ ಬೀಳಬೇಕಾದ ಹೊತ್ತಿನಲ್ಲಿ ನಾನು ಏನಂದೆ, ನೆನಪಿದೆಯೇ? "ನಿಮ್ಮಲ್ಲಿ ಸೀಟು ಉಳಿಯೋದು ಹೊಸದೇನಲ್ಲ ಬಿಡಿ ಡಾನ್ ಫೌಸ್ಟೊ. ನಮ್ಮಲ್ಲಿ ನಿಲ್ಲೋಕೂ ಜಾಗ ಇಲ್ಲ."

ನೀವು ನಕ್ಕು, "ಹೌದು ಕಣಮ್ಮ, ಇವತ್ತೂ ಒಂದು ಉಳ್ಕೊಂಡುಬಿಡ್ತು ನೋಡಿ" ಎಂದು ಅಮ್ಮನ ಪೆಟ್ಟಿಗೆ ಎತ್ತಿಕೊಂಡು ನಡೆದಿರಿ.

ಭಾನುವಾರ ಸಂಜೆ ಅಮ್ಮನ ಫೋನು ಬಂತು. ತಲೆಗೆ ನೀರು ಬಿದ್ದಾಗ ಮಗು ಪಾದ್ರಿಯ ಕನ್ನಡಕ ಕಿತ್ತುಕೊಂಡಿತಂತೆ. ಅದೆಲ್ಲ ಹೇಳಿ ಮುಗಿಸಿ ದೂರು ಶುರುಮಾಡಿದಳು. "ಆ ಎದುರುಮನೆಯವ್ರು ಬಲು ಒಳ್ಳೇವ್ರು ಕಣೇ, ಆದ್ರೆ ಊಟ ಮಾತ್ರ ಆಸ್ಪತ್ರೇದು. ಪಕ್ಕದವಳಿಗೆ ಕೇಕು, ನಂಗೆ ಅರ್ಧ ಸೇಬು! ಯಾಕಮ್ಮಾ ಅಂದ್ರೆ, ಇದು ಡಾನ್ ಫೌಸ್ಟೊ ಅವ್ರ ಸೀಟು, ಅವ್ರಿಗೆ ಸಕ್ಕರೆ ಕಾಯಿಲೆ, ಊಟ ಹಾಗೇ ಬರೆಸಿದ್ರು ಅಂದ್ಲು ಊಟ ಕೊಟ್ಟ ಹುಡುಗಿ."

ಮರುದಿನ ಸಾಂದ್ರಾಳನ್ನು ಕಾಫಿ ಯಂತ್ರದ ಹತ್ತಿರ ಅಡ್ಡಗಟ್ಟಿ ಕೇಳಿದೆ. ಅವಳು ಹೇಳಲೋ ಬೇಡವೋ ಎನ್ನುತ್ತಲೇ ಎಲ್ಲ ಹೇಳಿಬಿಟ್ಟಳು. ಶನಿವಾರ ನಿಮ್ಮ ಮಗಳು ಪಾವ್ಲಿನಾ ಮಾಡ್ರಿಡ್‌ನಲ್ಲಿ ನರ್ಸಿಂಗ್ ಪದವಿ ತೆಗೆದುಕೊಳ್ಳುವವಳಿದ್ದಳು. ಪಾಸು ನಂಬಿ ಕೆಡಬಾರದೆಂದು ನೀವು ಎರಡು ತಿಂಗಳ ಮೊದಲೇ ದುಡ್ಡು ಕೊಟ್ಟು ಟಿಕೆಟ್ ತೆಗೆದಿದ್ದಿರಿ. ಆ ಸೀಟನ್ನು ಅಮ್ಮನ ಹೆಸರಿಗೆ ಬರೆಸಿ ಬಿಟ್ಟುಕೊಟ್ಟ ಮೇಲೆ ಮಂಗಳವಾರದವರೆಗೆ ನಿಮ್ಮಲ್ಲೂ ಸೀಟಿಲ್ಲ, ನನ್ನ ದರದ ದೆಸೆಯಿಂದ ನಮ್ಮಲ್ಲೂ ಇಲ್ಲ. ಮಗಳು ವೇದಿಕೆ ಹತ್ತುವುದನ್ನು ನೀವು ಕೌಂಟರಿನ ಹಿಂದೆ ಕೂತು ಮೊಬೈಲಿನಲ್ಲಿ ನೋಡಿದಿರಂತೆ. ನಾನು ಇತ್ತ ನನ್ನ ಸಾಲು ಎಷ್ಟು ಉದ್ದವಿದೆ ಎಂದು ನಿಮಗೆ ಕಾಣುವ ಹಾಗೆ ಮೆರೆಯುತ್ತಿದ್ದೆ. ನಾಚಿಕೆಯಾಗುತ್ತಿದೆ ಡಾನ್ ಫೌಸ್ಟೊ. ಈ ಮಾತನ್ನು ಯಾರಿಗೂ ಹೇಳಿದವಳಲ್ಲ, ನಿಮಗೆ ಹೇಳುತ್ತಿದ್ದೇನೆ.

ಹೋದ ಆ ಶನಿವಾರವನ್ನು ನಾನು ತಂದುಕೊಡಲಾರೆ. ಆದರೆ ನಮ್ಮಮ್ಮ ಸುಮ್ಮನಿರುವ ಪೈಕಿಯೇ? ವಿಷಯ ತಿಳಿದ ಕೂಡಲೇ ಅಯ್ಯೂಯಾ ಕಟ್ಟಿಕೊಂಡು ಪಾವ್ಲಿನಾಳ ಕೋಣೆ ಹುಡುಕಿ ಹೋಗಿದ್ದಾಳೆ. ಪದವಿಯ ದಿನ ಹೆಗಲಿಗೆ ಹಾಕಿದ ಪಟ್ಟಿಯನ್ನು ಹುಡುಗಿ ಮಡಿಸಿ ಇಡಲು ಹೊರಟಿದ್ದಳಂತೆ. "ಇಡ್ಬೇಡ ಕಣೇ ಮಗಳೇ, ನಿಮ್ಮಪ್ಪ ಇನ್ನೂ ನೋಡಿಲ್ಲ" ಎಂದು ತಡೆದಿದ್ದಾಳೆ.

ಈ ಲಕೋಟೆಯೊಳಗೆ ಬರುವ ಶುಕ್ರವಾರದ ಟಿಕೆಟ್ ಇದೆ. ಪಾಸಲ್ಲ, ದುಡ್ಡು ಕೊಟ್ಟು ಕೊಂಡದ್ದು, ಯಾರೂ ಎಬ್ಬಿಸುವಂತಿಲ್ಲ. ನಿಮ್ಮ ವಿಮಾನ ಅವತ್ತೂ ತುಂಬಿದೆ, ಹಾಗಾಗಿ ನಮ್ಮದರಲ್ಲೇ ಹೋಗಬೇಕು. ನನ್ನ ಸಾಲಿನಲ್ಲಿ ಎಲ್ಲರ ಹಾಗೆ ನಿಲ್ಲಬೇಕು. ನಿಮ್ಮ ಹುಡುಗಿಯರು ಬಾಯಿ ಬಿಟ್ಟುಕೊಂಡು ನೋಡುತ್ತಾರೆ, ನೋಡಲಿ. ಬೇಡ ಅನ್ನಬೇಡಿ. ಪಾವ್ಲಿನಾ ಶನಿವಾರ ಆ ಪಟ್ಟಿಯನ್ನು ಹೆಗಲಿಗೆ ಹಾಕಿಕೊಂಡೇ ಮಾಡ್ರಿಡ್ ನಿಲ್ದಾಣದ ಬಾಗಿಲಲ್ಲಿ ನಿಂತಿರುತ್ತಾಳೆ.

ನಿಮ್ಮ ಸಕ್ಕರೆ ಇಳಿಯಲಿ, ಆಯಸ್ಸು ಏರಲಿ, ಸುಖವಾಗಿ ಹೋಗಿ ಬನ್ನಿ. ಬಂದ ಮಾರನೆಯ ದಿನದಿಂದ ನಿಮ್ಮನ್ನು ಸುಮ್ಮನೆ ಬಿಡುವವಳಲ್ಲ,

ನಿಮ್ಮ ಎದುರುಮನೆಯ
ನೆಲಿ ತೋವಪಾಂತ