ಮೆಟ್ಟಿಲು ಹತ್ತುತ್ತಿದ್ದವಳು

ಅಕ್ಕಾ,

ನೀನು ತೀರಿಹೋದ ಮೇಲೂ ನಿನ್ನನ್ನು ನೆನೆದರೆ ಹೊಟ್ಟೆಕಿಚ್ಚು. ಸುಳ್ಳು ಹೇಳುವುದು ನನಗೆ ಬರುವುದಿಲ್ಲ.

ಹೊಸ ಶಾಲೆಯೊಂದಕ್ಕೆ ನೀನು ಮಾಡಿ ಮುಗಿಸಿದ್ದ ಚಿತ್ರವನ್ನು ಇವತ್ತು ಆಫೀಸಿನಲ್ಲಿ ನನಗೆ ತಿದ್ದಲು ಕೊಟ್ಟರು. ಇನ್ನೂ ಕಟ್ಟದ ಕಟ್ಟಡದ ಮೇಲೆ ಕಂಪ್ಯೂಟರಿನಲ್ಲಿ ಬಿಸಿಲು ಬೀಳಿಸುವುದನ್ನು ಕಲಿಸಿದವಳೇ ನೀನು. ನಿನ್ನ ಬಿಸಿಲನ್ನು ತೆಗೆದು ನನ್ನದನ್ನು ಹಾಕಿದೆ, ನಿನ್ನನ್ನು ಮೀರಿಸಬೇಕೆಂದೇ.

ಬಾಸ್ ನೋಡಿ ನಕ್ಕರು. "ಅಕ್ಕನ ಬಿಸಿಲೇ ಇರ್ಲಮ್ಮ. ನಿಂದು ಟ್ಯೂಬ್‌ಲೈಟ್ ಥರ ಇದೆ. ಮೆಟ್ಟಿಲ ಮೇಲೆ ಜನ ಜಾಸ್ತಿ ಆದ್ರು, ಒಬ್ಬರನ್ನ ತೆಗೆದುಬಿಡು, ಸಾಕು."

ಯಾರನ್ನು ತೆಗೆಯಲೆಂದು ಚಿತ್ರವನ್ನು ಹಿಗ್ಗಿಸಿದೆ. ಬ್ಯಾಗು ಹಾಕಿಕೊಂಡು ಮೆಟ್ಟಿಲು ಹತ್ತುತ್ತಿದ್ದವಳು ನಾನೇ! ನನ್ನ ಒಂಬತ್ತನೇ ತರಗತಿಯ ಫೋಟೋವನ್ನು ಕತ್ತರಿಸಿ ಅಂಟಿಸಿದ್ದೀಯೆ. ಆ ವರ್ಷವೇ ನಾನು ಶಾಲೆ ಬಿಟ್ಟದ್ದು. "ಇವತ್ತೊಂದಿನ ಹೋಗಿ ಬಾರೇ" ಎಂದು ನೀನು ಬಾಗಿಲಲ್ಲಿ ನಿಂತು ಗೋಗರೆದರೆ ನಾನು ಹೊದಿಕೆ ಎಳೆದುಕೊಳ್ಳುತ್ತಿದ್ದೆ.

ನಿನ್ನ ಬಿಸಿಲೆಲ್ಲ ಅವಳ ಮುಖದ ಮೇಲೇ ಬಿದ್ದಿದೆ. ಈಗ ಅವಳನ್ನು ಕಂಡರೂ ಹೊಟ್ಟೆ ಉರಿಯುತ್ತದೆ.

ನಿನ್ನ ಬಿಸಿಲನ್ನು ವಾಪಸ್ ಹಾಕಿದೆ. ಮೆಟ್ಟಿಲ ಮೇಲೆ ಅವಳ ದಾರಿಗೆ ಅಡ್ಡ ನಿಂತಿದ್ದ ಮೇಷ್ಟರೊಬ್ಬರನ್ನು ತೆಗೆದೆ.