ಕವಲೊಡೆದ ತೆನೆಗಳು

ಫೆಬ್ರವರಿ 3

ಇವತ್ತೂ ಲೇಟು. ಶರ್ಟಿನ ಗುಂಡಿ ತಾನೇ ಹಾಕಿಕೊಳ್ಳುತ್ತೇನೆಂದು ಅಪ್ಪನ ಹಟ. ಹಾಕಿದ್ದೆಲ್ಲ ಮೇಲೆ ಕೆಳಗೆ. ಸರಿಮಾಡಲು ಹೋದರೆ ಕೈ ತಳ್ಳಿದ. "ನಿಂಗೆ ಗುಂಡಿ ಹಾಕೋದು ಕಲಿಸಿದ್ದೇ ನಾನು ಕಣೇ ಮೆಣಸಿನಕಾಯಿ!" ನಿಜವೇ. ಸೊಟ್ಟ ಶರ್ಟಿನಲ್ಲೇ ಬಸ್ಸು ಹತ್ತಿದೆವು.

ಅಮ್ಮ ಹೋದ ಮೇಲೆ ಅಪ್ಪನನ್ನು ಮನೆಯಲ್ಲಿ ಒಬ್ಬನೇ ಬಿಡುವಂತಿಲ್ಲ. ಗ್ಯಾಸ್ ಹಚ್ಚಿ ಮರೆಯುತ್ತಾನೆ. ನೋಡಿಕೊಳ್ಳಲು ಬಂದವಳು ವಾರ ತುಂಬುವ ಮೊದಲೇ ಕೈಮುಗಿದು ಹೋದಳು. ಹಾಗಾಗಿ ನನ್ನ ಜೊತೆ ಸಂಶೋಧನಾ ಕೇಂದ್ರಕ್ಕೇ ಬರುತ್ತಾನೆ. ಗಾಜಿನ ಮನೆಯ ಬಾಗಿಲಲ್ಲೊಂದು ಕುರ್ಚಿ, ಕಣ್ಣೆದುರು ಬಾರ್ಲಿ — ಅಷ್ಟಿದ್ದರೆ ಅವನಿಗೆ ಖುಷಿ.

ಇಡೀ ಸರ್ವೀಸು ಬೀಜದ ಹೊಲದಲ್ಲೇ ಕಳೆದವನು. ಬೆರಕೆ ಕೀಳುವುದು ಅವನ ಕೆಲಸ. ಸಾಲಿನಲ್ಲಿ ನಡೆಯುತ್ತ, ಒಂದು ಗಿಡ ಬೇರೆ ಥರ ಕಂಡರೆ ಬುಡಸಮೇತ ಕೀಳುವುದು. ಬೀಜ ಶುದ್ಧವಾಗಿರಬೇಕಲ್ಲ. ಮಗಳದು ಉಲ್ಟಾ. ಬೇರೆ ಥರ ಇರುವುದನ್ನೇ ಹುಡುಕಿ ಸಾಕುವ ಸಂಬಳ ನನ್ನದು.

ಫೆಬ್ರವರಿ 11

ತೆನೆ ಹೊರಬಂತು! ಸಾಮಾನ್ಯ ಬಾರ್ಲಿ ತೆನೆ ನೆಟ್ಟಗೆ, ಎರಡೂ ಕಡೆ ಕಾಳು, ಉದ್ದ ಮೀಸೆ. ಒಂದೇ ಒಂದು ಜೀನು ಕೆಟ್ಟರೆ ಬುಡದಲ್ಲಿ ಕವಲೊಡೆಯುತ್ತದೆ — ಬೆರಳು ಬಿಡಿಸಿದ ಅಂಗೈ ಥರ. ಮಡಿಯಲ್ಲಿ ಸುಮಾರು ಕಾಲುಭಾಗ ಹಾಗೆ ಬಂದಿದೆ. ಎಷ್ಟು ವರ್ಷದಿಂದ ಕಾದಿದ್ದೆ...

ಮೈಕ್ರೋಸ್ಕೋಪ್ ನೋಡಿಕೊಳ್ಳುವ ಸಹೋದ್ಯೋಗಿಗೆ ನಾವಿಟ್ಟ ಹೆಸರು ಭೂತಗನ್ನಡಿ. ಕತ್ತಿನಲ್ಲಿ ಸದಾ ಲೆನ್ಸು. ಬಂದು ನೋಡಿ ಕುಣಿದ. ಆಮೇಲೆ ಬೈದ. "ಅಲ್ರೀ, ಇದ್ದ ಬೀಜ ಎಲ್ಲಾ ಬಿತ್ತಿಬಿಟ್ರಾ? ಒಂದು ಹಿಡಿ ಎತ್ತಿಡಬಾರ್ದಿತ್ತಾ?" ಇಡಬೇಕಿತ್ತು. ನನ್ನದು ಯಾವಾಗಲೂ ಆತುರವೇ.

ಅಪ್ಪ ಕವಲು ತೆನೆ ನೋಡಿ ಮುಖ ಸಿಂಡರಿಸಿದ.

ಫೆಬ್ರವರಿ 19, ಸಂಜೆ

ಮಧ್ಯಾಹ್ನ ಮೀಟಿಂಗಿತ್ತು. ವಾಪಸ್ ಬಂದಾಗ ಅಪ್ಪ ಕುರ್ಚಿಯಲ್ಲಿರಲಿಲ್ಲ. ಮಡಿಯ ನಡುವೆ ನಿಂತಿದ್ದ, ಪ್ಯಾಂಟು ಮೊಣಕಾಲಿಗೆ ಮಡಚಿ. ಪಕ್ಕದಲ್ಲಿ ಅಚ್ಚುಕಟ್ಟಾಗಿ ಕಟ್ಟಿದ ಒಂದು ಹೊರೆ. ಕವಲು ಗಿಡಗಳು. ಎಲ್ಲವೂ. ಇನ್ನೂ ಹಸಿರು, ಕಾಳು ಹಾಲೂ ಕಟ್ಟಿಲ್ಲ. ನೆಟ್ಟಗಿನ ಒಂದೇ ಒಂದು ಗಿಡವನ್ನೂ ತಪ್ಪಿ ಮುಟ್ಟಿಲ್ಲ ಪುಣ್ಯಾತ್ಮ! ಹೆಂಡತಿ ಸತ್ತ ತಿಂಗಳು ಮರೆತವನಿಗೆ ಬೆರಕೆ ಕೀಳುವುದು ಮಾತ್ರ ಮರೆತಿಲ್ಲ.

ಮುಖದಲ್ಲಿ ಎಂಥ ಹಿಗ್ಗು. "ಎಲ್ಲಾ ಕ್ಲೀನ್ ಮಾಡ್ದೆ ನೋಡು. ಇಷ್ಟೊಂದು ಬೆರಕೆ ಬಿಟ್ಕೊಂಡು ಕೂತಿದೀಯಲ್ಲೇ! ಸಾಹೇಬ್ರು ನೋಡಿದ್ರೆ ನಿನ್ನ ಕೆಲಸ ಉಳಿಯುತ್ತಾ?"

ಕೂಗಿದೆ. ಗಾಜು ಒಡೆಯುವ ಹಾಗೆ. "ಯಾರು ಮುಟ್ಟು ಅಂದ್ರು ನಿಂಗೆ? ಬುದ್ಧಿ ಇದೆಯಾ? ನನ್ನ ಜೀವನಾನೇ ಹಾಳು ಮಾಡ್ದೆ!" ಇನ್ನೂ ಏನೇನೋ. ಹೊರಗಿನವರೆಲ್ಲ ಬಂದು ನಿಂತರು. ಬಾಯಿ ನಿಲ್ಲಲಿಲ್ಲ.

ಅಪ್ಪ ಮಡಚಿದ ಪ್ಯಾಂಟು ಇಳಿಸಿದ. ಎರಡೂ ಕೈ ಪಕ್ಕಕ್ಕೆ ಇಟ್ಟು ನೆಟ್ಟಗೆ ನಿಂತ. "ತಪ್ಪಾಯ್ತು ಮೇಡಂ," ಅಂದ.

ಚುಚ್ಚುತ್ತಿದ್ದಾನೆ ಅಂದುಕೊಂಡೆ. ಮುಖ ನೋಡಿದೆ. ಅಲ್ಲ.

ಫೆಬ್ರವರಿ 20

ಭೂತಗನ್ನಡಿ ಸಮಾಧಾನ ಹೇಳಿದ. "ಯಾಕ್ರೀ ಹೀಗೆ ಆಕಾಶ ತಲೆ ಮೇಲೆ ಬಿದ್ದ ಹಾಗೆ ಕೂತಿದೀರಾ? ಉಳಿದಿರೋವು ಅವುಗಳ ಒಡಹುಟ್ಟಿದವೇ ಅಲ್ವಾ? ನೋಡೋಕೆ ನೆಟ್ಟಗಿವೆ ಅಷ್ಟೆ. ಮೂರರಲ್ಲಿ ಎರಡರ ಒಳಗೆ ಆ ಜೀನು ಅಡಗಿರುತ್ತೆ. ಬಿತ್ತಿ ನೋಡಿ, ಬರುತ್ತೆ."

ಗೊತ್ತಿತ್ತು. ಮೊದಲ ವರ್ಷದ ಹುಡುಗರಿಗೆ ನಾನೇ ಪಾಠ ಮಾಡುವ ವಿಷಯ. ಕೋಪ ಬಂದಾಗ ಒಂದಾದರೂ ನೆನಪಾಯಿತೇ? ಹೋದದ್ದು ಒಂದು ಬೆಳೆ. ಅಷ್ಟಕ್ಕೆ ಅಷ್ಟು ಬೈದೆ.

ಅಪ್ಪ ತಟ್ಟೆ ಮುಂದೆ ಸುಮ್ಮನೆ ಕೂತಿದ್ದ. ಯಾಕಪ್ಪಾ ಅಂದೆ. "ಊಟ ಮಾಡ್ಬಹುದಾ ಮೇಡಂ?"

ಮಾರ್ಚ್ 2

"ಅಪ್ಪಾ, ನಾನು. ನಿನ್ನ ಮೆಣಸಿನಕಾಯಿ."

"ಹೌದಾ ಮೇಡಂ," ಅಂದ. ಮರ್ಯಾದೆಯಿಂದ.

ಮಾರ್ಚ್ 30

ಕೊಯ್ಲು ಮುಗಿಯಿತು. ನೆಟ್ಟಗಿನ ಗಿಡಗಳ ಕಾಳು, ಗಿಡಕ್ಕೊಂದು ಕವರ್.

ಡಾಕ್ಟರ ಬಳಿ ಕರೆದೊಯ್ದಿದ್ದೆ. "ಕಾಯಿಲೆ ತನ್ನ ದಾರಿ ಹಿಡಿದಿದೆಯಮ್ಮ. ನೀವು ಬೈದದ್ದಕ್ಕೆ ಆದದ್ದಲ್ಲ." ಬುದ್ಧಿ ಒಪ್ಪುತ್ತದೆ. ಮನಸ್ಸು ಒಪ್ಪುವುದಿಲ್ಲ. ಅವನು ನನ್ನನ್ನು ಮಗಳೆಂದು ನೋಡಿದ ಕೊನೆಯ ಗಳಿಗೆಯಲ್ಲಿ ನಾನು ಕೂಗುತ್ತಿದ್ದೆ. ಎಂಥ ಪಾಪಿ ನಾನು.

ಗಾಜಿನ ಮನೆಗೆ ಈಗ ಬರುವುದಿಲ್ಲ ಅವನು. ಹೊಸದಾಗಿ ಗೊತ್ತುಮಾಡಿದ ನರ್ಸಮ್ಮ ಮನೆಯಲ್ಲೇ ನೋಡಿಕೊಳ್ಳುತ್ತಾರೆ. ನಾನು ಮನೆಗೆ ಕಾಲಿಟ್ಟರೆ ಎದ್ದು ನಿಲ್ಲುತ್ತಾನೆ.

ಜುಲೈ 9

ಮತ್ತೆ ಬಿತ್ತಿದ್ದರಲ್ಲಿ ಕವಲು ತೆನೆ ಬಂದಿವೆ! ಭೂತಗನ್ನಡಿ ಕಾರಿಡಾರಿನ ಆ ತುದಿಯಿಂದ ಕೂಗುತ್ತ ಓಡಿಬಂದ. "ಮೇಡ—" ಅನ್ನುತ್ತಿದ್ದವನನ್ನು ತಡೆದೆ. ಆ ಶಬ್ದ ಬೇಡ. ಪಾಪ, ಬೆಪ್ಪಾದ.

ಕವಲು ಮೊದಲಿಗಿಂತ ಚೆಂದ. ಕೆಲಸ ಉಳಿಯಿತು. ಎಲ್ಲರೂ ಕೈಕುಲುಕಿದರು, ನಕ್ಕೆ. ಒಳಗೆ ಏನೂ ಇಲ್ಲ.

ಒಂದು ಕುಂಡ ಮನೆಗೆ ತಂದಿದ್ದೇನೆ.

ಜುಲೈ 10, ಬೆಳಿಗ್ಗೆ

ಕುಂಡವನ್ನು ಅಪ್ಪನ ಮುಂದಿಟ್ಟೆ. ತುಂಬ ಹೊತ್ತು ನೋಡಿದ. ಬೆರಳು ಬುಡದವರೆಗೂ ಹೋಯಿತು, ಹಿಂದೆ ಬಂತು.

"ಇದು ಬೆರಕೆ ಮೇಡಂ. ಕೀಳ್ಲಾ, ಇರ್ಲಾ?"

"ಇರ್ಲಿ ಅಪ್ಪಾ."

ತಲೆಯಾಡಿಸಿದ. ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ.

"ತಪ್ಪು ತಿಳ್ಕೋಬೇಡಿ ಮೇಡಂ, ಒಂದು ಮಾತು. ಅವತ್ತು ಕಿತ್ತಿದ್ದು ನಾನು. ನಮ್ಮ ಹುಡುಗೀದೇನೂ ತಪ್ಪಿಲ್ಲ. ಬಾಯಿ ಸ್ವಲ್ಪ ಜೋರು, ಆದ್ರೆ ಆ ಗಿಡಗಳಂದ್ರೆ ಪ್ರಾಣ ಅವಳಿಗೆ. ನೀವು ಅವಳನ್ನ ಏನೋ ಅಂದಿರ್ಬೇಕು... ಅವತ್ತಿಂದ ಮನೆಗೇ ಬಂದಿಲ್ಲ. ನಂಗೆ ಏನು ಶಿಕ್ಷೆ ಬೇಕಾದ್ರೂ ಕೊಡಿ. ಅವಳನ್ನ ಒಂದ್ಸಲ ಮನೆಗೆ ಕಳಿಸ್ಕೊಡಿ ಮೇಡಂ."

ಕಳಿಸುತ್ತೇನೆ ಅಂದೆ.

"ಯಾವಾಗ?" ಅಂದ.