ಇವತ್ತಿನದು ಆಟವಲ್ಲ

ಗುರುವಾರ, ಹದಿನಾಲ್ಕು.

ಸಂಜೆ ತಂಗಿ ಬಂದಳು. ಬಾಗಿಲು ತೆಗೆದು, "ಯಾರು ಬೇಕಾಗಿತ್ತಮ್ಮ?" ಎಂದೆ. "ಸಾಕು ಬಿಡಣ್ಣ ನಿನ್ನ ಚೇಷ್ಟೆ!" ಎಂದು ನಕ್ಕಳು. ಚೇಷ್ಟೆಯಲ್ಲ. ಒಂದು ಕ್ಷಣ ಆ ಮುಖ ನೀರಿನಡಿ ತೇಲಿದ ಹಾಗಿತ್ತು, ಯಾರದೆಂದೇ ತಿಳಿಯಲಿಲ್ಲ. ನಾನೂ ನಕ್ಕುಬಿಟ್ಟೆ.

ಬಿಪಿ ಏರಿದ್ದರೆ ನೆನಪಿಗೂ ಪೆಟ್ಟು ಬೀಳಬಹುದು, ಮಾತ್ರೆ ಬಿಡಬೇಡಿ ಎಂದಿದ್ದರು ಡಾಕ್ಟರು. ನಾನೋ ಮಾತು ನುಂಗಿದವನಲ್ಲ, ಮಾತ್ರೆ ನುಂಗುತ್ತೇನೆಯೇ? ಎರಡು ವರ್ಷ ನಾಲಿಗೆಯಡಿ ಅಡಗಿಸಿ ಹೂಕುಂಡಕ್ಕೆ ಉಗಿದೆ. ಗಿಡದ ಬಿಪಿ ಚೆನ್ನಾಗಿದೆ.

ಮಲಗುವಾಗ ಹೆಂಡತಿಯ ಮುಂದೆ ಮಾತ್ರೆ ನುಂಗಿ, ಬಾಯಿ ತೆರೆದು ತೋರಿಸಿದೆ.

"ಇದ್ಯಾವ ಹೊಸ ಆಟಾರೀ?"

"ಆಟ ಅಲ್ಲ ಕಣೇ. ಸಂಜೆ ತಂಗಿ ಬಂದಾಗ ಅವಳು ಯಾರು ಅಂತ ನಿಜವಾಗ್ಲೂ ಗೊತ್ತಾಗ್ಲಿಲ್ಲ."

ಹೆಂಡತಿ ನಗಲಿಲ್ಲ. ನನ್ನ ಬಲಗೈ ಹಿಡಿದುಕೊಂಡೇ ನಿದ್ದೆ ಹೋಗಿದ್ದಾಳೆ. ಬಿಡಿಸಿಕೊಳ್ಳಲು ಮನಸ್ಸಿಲ್ಲ. ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರವೆಲ್ಲ ಸಂಜೆಯ ಆ ಮುಖದ ಹಾಗೇ ತೇಲಿ ತೇಲಿ...